ಅಜ್ಜಿಯ ಹೊಸ ಸೊಸೆತನದ ದಿನಗಳು: ಕೇಳುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಅಜ್ಜಿಯ ಮುಂದೆ ಮೊಬೈಲ್ ಇಟ್ಟು "ನಿನ್ನ ಮದುವೆ ಕಥೆ ಹೇಳಜ್ಜಿ" ಎಂದರೆ ಬರುವ ಉತ್ತರ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ: "ಅಯ್ಯೋ, ಅದೇನ್ ಮಹಾ ಕಥೆ ಬಿಡು. ಆಗ ಎಲ್ಲರ್ದೂ ಹಂಗೇ." ಅಲ್ಲಿಗೆ ಮಾತು ಮುಗಿಯಿತು. ಅಜ್ಜಿಗೆ ಹೇಳುವ ಮನಸ್ಸಿಲ್ಲ ಎಂದಲ್ಲ, ಅರವತ್ತು ವರ್ಷಗಳ ಗಂಟನ್ನು ಯಾವ ತುದಿಯಿಂದ ಬಿಚ್ಚುವುದೆಂದು ಅವರಿಗೆ ತಿಳಿಯುವುದಿಲ್ಲ. ಅದೇ ಅಜ್ಜಿಯನ್ನು "ನಿಮ್ಮ ಅತ್ತೆ ಮನೇಲಿ ಬಾವಿ ಎಲ್ಲಿತ್ತು?" ಎಂದು ಕೇಳಿ ನೋಡಿ. ಬಾವಿಯಿಂದ ಹಗ್ಗಕ್ಕೆ, ಹಗ್ಗದಿಂದ ಅಂಗೈ ಬೊಕ್ಕೆಗೆ, ಬೊಕ್ಕೆಯಿಂದ ಅತ್ತೆಯ ಮಾತಿಗೆ ಅವರೇ ನಡೆದು ಬರುತ್ತಾರೆ. ಜಾಗ, ಸಾಮಾನು, ಕೆಲಸ: ಈ ಮೂರನ್ನು ಕೇಳಿದರೆ ಸಾಕು, ಕಥೆಯನ್ನು ಬೇರೆಯಾಗಿ ಕೇಳಬೇಕಾಗಿಲ್ಲ.

ಕೂರುವ ಮೊದಲು

ಒಂದು ವಾರ ಮುಂಚೆ ಸ್ವಲ್ಪ ಓಡಾಡಿ. ಅಜ್ಜಿಯ ತವರೂರು, ಗಂಡನ ಊರು, ಅತ್ತೆ, ಮಾವ, ನಾದಿನಿ, ಮೈದುನ, ಓರಗಿತ್ತಿಯರ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಾತಿನ ನಡುವೆ "ಆಗ ನಮ್ಮ ಸಣ್ಣಕ್ಕ ಬಂದ್ಳು" ಎಂದಾಗ "ಯಾರದು?" ಎಂದು ತಡೆದರೆ ಅಜ್ಜಿ ವಂಶಾವಳಿ ಹೇಳಲು ಶುರು ಮಾಡುತ್ತಾರೆ, ಹೇಳುತ್ತಿದ್ದ ಘಟನೆ ಕೈತಪ್ಪುತ್ತದೆ.

ಆಮೇಲೆ ಅಟ್ಟ, ಟ್ರಂಕು, ಅಡುಗೆಮನೆಯ ಮೇಲಿನ ಹಲಗೆ ಹುಡುಕಿ. ಬೇಕಾಗಿರುವುದು ನಾಲ್ಕೇ ವಸ್ತು. ಒಂದು, ಲಗ್ನಪತ್ರಿಕೆ. ಎರಡು, ಮದುವೆಯ ಅಥವಾ ಮದುವೆಯಾದ ಹೊಸತರ ಸ್ಟುಡಿಯೋ ಫೋಟೋ. ಅದರ ಹಿಂಬದಿಯನ್ನೂ ನೋಡಿ, ಸ್ಟುಡಿಯೋದ ಮೊಹರು ಮತ್ತು ಊರಿನ ಹೆಸರು ಅಲ್ಲೇ ಇರುತ್ತದೆ. ಮೂರು, ಮದುವೆಗೆ ಬಂದ ಹಿತ್ತಾಳೆ, ತಾಮ್ರ, ಸ್ಟೀಲಿನ ಪಾತ್ರೆ. ನಮ್ಮಲ್ಲಿ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಎಷ್ಟೋ ಸಲ ತಾರೀಖನ್ನೂ ಕೆತ್ತಿಸುವ ರೂಢಿ ಇದ್ದದ್ದರಿಂದ ಒಂದು ತಂಬಿಗೆ ಒಂದು ದಾಖಲೆಯೇ. ನಾಲ್ಕು, ಮುಯ್ಯಿ ಬರೆದಿಟ್ಟ ಪುಸ್ತಕ. ಯಾರು ಎಷ್ಟು ಮುಯ್ಯಿ ಓದಿಸಿದರು ಎಂಬ ಆ ಪಟ್ಟಿ ಸಿಕ್ಕಿದರೆ, ಮದುವೆಗೆ ಯಾವ ಊರಿನ ಯಾವ ಬಂಧುಗಳು ಬಂದಿದ್ದರೆಂಬುದು ಕಣ್ಣಮುಂದೆ ಬಂದಂತೆ. ಹಳೆಯ ಆಲ್ಬಮ್ಮಿಗೆ ಅಂಟಿದ ಫೋಟೋವನ್ನು ಕಿತ್ತು ತೆಗೆಯಬೇಡಿ, ಮೇಲ್ಪದರ ಎದ್ದು ಬರುತ್ತದೆ. ಅಲ್ಲೇ ಇಟ್ಟು ಕಿಟಕಿ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಬಿಡಿಯಾಗಿ ಸಿಕ್ಕಿದ ಸಣ್ಣ ಫೋಟೋವನ್ನು ಸ್ಕ್ಯಾನ್ ಮಾಡಿಸುವುದಾದರೆ 600 ಡಿಪಿಐಗೆ ಕಡಿಮೆ ಬೇಡ.

ಕದ್ದು ರೆಕಾರ್ಡ್ ಮಾಡಬೇಡಿ. "ನೀನು ಹೇಳೋದನ್ನ ಇದರಲ್ಲಿ ಇಟ್ಕೋತೀನಿ, ಬೇಡ ಅಂದ್ರೆ ನಿಲ್ಲಿಸ್ತೀನಿ, ಯಾರಿಗೆ ಕೇಳಿಸಬಹುದು ಅಂತ ನೀನೇ ಹೇಳು" ಎಂದು ಮೊದಲೇ ಹೇಳಿ, ಅವರ ಒಪ್ಪಿಗೆಯನ್ನೂ ಅದೇ ರೆಕಾರ್ಡಿನಲ್ಲಿ ಸೇರಿಸಿ. ತಿಳಿಯದಂತೆ ರೆಕಾರ್ಡ್ ಮಾಡಿದ್ದು ಒಂದು ದಿನ ಗೊತ್ತಾದರೆ ಆಮೇಲೆ ಅವರ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.

ಹೊತ್ತು, ಜಾಗ, ಮೊಬೈಲ್

ಬೆಳಗಿನ ಕಾಫಿ, ಸ್ನಾನ, ಪೂಜೆ ಮುಗಿದು ಮಧ್ಯಾಹ್ನದ ಅಡುಗೆಯ ಗಡಿಬಿಡಿ ಶುರುವಾಗುವ ಮೊದಲಿನ ಹೊತ್ತು ಒಳ್ಳೆಯದು. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಸಂಜೆಯಾದಂತೆ ಗೊಂದಲ ಹೆಚ್ಚುವುದುಂಟು, ಅವರ ಮಟ್ಟಿಗಂತೂ ಬೆಳಗ್ಗೆಯೇ ಸರಿ. ಒಂದು ಕೂರುವಿಕೆಗೆ 40–45 ನಿಮಿಷ ಸಾಕು. ಅಜ್ಜಿ ಉತ್ಸಾಹದಿಂದ ಮುಂದುವರಿಸಿದರೆ ತಡೆಯಬೇಡಿ, ಆದರೆ ದಣಿದ ಮೇಲೆ ಎಳೆಯಬೇಡಿ. ಒಂದೇ ದಿನ ಮೂರು ಗಂಟೆ ಕೂತರೆ ಕೊನೆಯ ಎರಡು ಗಂಟೆ "ಹೂಂ, ಹಂಗೇ ಇತ್ತು" ಎಂಬುದರಲ್ಲೇ ಕಳೆಯುತ್ತದೆ.

ಫ್ಯಾನು ನಿಲ್ಲಿಸಿ. ರೆಕಾರ್ಡಿಂಗ್ ಕೆಡಿಸುವುದರಲ್ಲಿ ಫ್ಯಾನಿಗೇ ಮೊದಲ ಸ್ಥಾನ, ಆಮೇಲೆ ಟಿವಿ, ಕುಕ್ಕರಿನ ಸೀಟಿ. ಖಾಲಿ ಹಾಲ್‌ನಲ್ಲಿ ದನಿ ಗೋಡೆಗೆ ಬಡಿದು ಮಾರ್ದನಿಸುತ್ತದೆ. ಹಾಸಿಗೆ, ಬಟ್ಟೆ ತುಂಬಿದ ಬೀರು ಇರುವ ಕೋಣೆಯಲ್ಲಿ ದನಿ ಸ್ವಚ್ಛವಾಗಿ ಬರುತ್ತದೆ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಮಡಚಿದ ಟವೆಲ್ಲಿನ ಮೇಲೆ, ಅಜ್ಜಿಯ ಬಾಯಿಂದ ಒಂದು ಮೊಳದೊಳಗೆ ಇಡಿ. ಕ್ಲಿಪ್ ಮೈಕ್ ಇದ್ದರೆ ಸೆರಗು ತಾಗದ ಕಡೆ ಸಿಕ್ಕಿಸಬೇಕು, ಸೀರೆ ಸರಿದರೆ ಕೇಳಿಬರುವ ಪರಪರ ಸದ್ದನ್ನು ಆಮೇಲೆ ತೆಗೆಯಲಾಗುವುದಿಲ್ಲ. ಎರಡು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನಿನಲ್ಲಿ ಕೇಳಿ, ಆಮೇಲೆ ಶುರು ಮಾಡಿ. ನೀವು ಕೂರುವುದು ಅವರಿಗೆ ಚೆನ್ನಾಗಿ ಕೇಳುವ ಕಿವಿಯ ಕಡೆ.

ಊರಲ್ಲಿಲ್ಲದ ಮೊಮ್ಮಕ್ಕಳು ವಿಡಿಯೋ ಕಾಲಿನಲ್ಲೂ ಇದನ್ನು ಮಾಡಬಹುದು. ಕಾಲಿನ ದನಿಯನ್ನು ಮಾತ್ರ ರೆಕಾರ್ಡ್ ಮಾಡಬೇಡಿ, ಅದು ನಡುನಡುವೆ ನುಂಗಿಹೋಗುತ್ತದೆ. ಅಜ್ಜಿಯ ಪಕ್ಕದಲ್ಲಿ ಇನ್ನೊಂದು ಮೊಬೈಲ್ ಇಟ್ಟು ಅಲ್ಲೇ ರೆಕಾರ್ಡ್ ಮಾಡಲು ಯಾರಿಗಾದರೂ ಹೇಳಿ. ನಮ್ಮ ಬೆಳಗಿನ ಹತ್ತು ಗಂಟೆ ಎಂದರೆ ಕ್ಯಾಲಿಫೋರ್ನಿಯಾದವರಿಗೆ ಹಿಂದಿನ ರಾತ್ರಿ ಎಂಟೂವರೆ, ಬೇಸಿಗೆಯ ಗಡಿಯಾರದಲ್ಲಿ ಒಂಬತ್ತೂವರೆ. ಇಬ್ಬರಿಗೂ ಹೊಂದುವ ಹೊತ್ತು ಅದು.

ಮೊದಲ ದಿನ: ಮನೆಯ ನಕ್ಷೆ

ಒಂದು ದೊಡ್ಡ ಬಿಳಿ ಹಾಳೆ, ಪೆನ್ಸಿಲ್ ತೆಗೆದುಕೊಂಡು, "ನೀನು ಮದುವೆಯಾಗಿ ಬಂದಾಗ ಈ ಮನೆ ಹೇಗಿತ್ತು? ಬಾಗಿಲು ಯಾವ ಕಡೆಗಿತ್ತು?" ಎಂದು ಕೇಳಿ. ಅವರು ಹೇಳಿದಂತೆ ನೀವು ಗೆರೆ ಎಳೆಯಿರಿ. ತಪ್ಪಾಗಿ ಎಳೆದರೂ ಒಳ್ಳೆಯದೇ, "ಅಲ್ಲ ಅಲ್ಲ, ಕೊಟ್ಟಿಗೆ ಈ ಕಡೆ" ಎಂದು ಅವರೇ ಪೆನ್ಸಿಲ್ ಕಸಿದುಕೊಳ್ಳುತ್ತಾರೆ. ಜಗಲಿ, ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು, ಹಿತ್ತಲು ಒಂದೊಂದನ್ನೂ ಗುರುತು ಹಾಕುತ್ತ ಪ್ರತಿ ಕೋಣೆಗೂ ಎರಡೇ ಪ್ರಶ್ನೆ: ಇಲ್ಲಿ ಯಾರು ಮಲಗುತ್ತಿದ್ದರು? ಇಲ್ಲಿಗೆ ನೀನು ಹೋಗಬಹುದಿತ್ತಾ?

ಎರಡನೆಯ ಪ್ರಶ್ನೆಯ ಬೆಲೆ ದೊಡ್ಡದು. ಮಾವ ಕೂತಿದ್ದರೆ ಪಡಸಾಲೆ ದಾಟುವಂತಿರಲಿಲ್ಲ, ಮುಟ್ಟಾದಾಗ ಹಿಂಬಾಗಿಲಿನಿಂದ ಓಡಾಟ, ಗಂಡನ ಜೊತೆ ಹಗಲು ಮಾತಾಡಲು ಜಾಗವೇ ಇರಲಿಲ್ಲ. ಇಂಥವನ್ನು ನೇರವಾಗಿ ಕೇಳಿದರೆ ನಾಚಿಕೆಯಿಂದ ಮುಚ್ಚಿಹೋಗುತ್ತವೆ. ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರೆ ಮನೆಯ ವಿಷಯ ಹೇಳುವಷ್ಟೇ ಸಲೀಸಾಗಿ ಬರುತ್ತವೆ.

ಎರಡನೆಯ ದಿನ ಒಂದು ದಿನಚರಿ. ಏಳುವುದು ಎಷ್ಟು ಹೊತ್ತಿಗೆ, ಎಬ್ಬಿಸುವವರು ಯಾರು, ಮೊದಲ ಕೆಲಸ ಸಾರಿಸುವುದೋ ಹಂಡೆಗೆ ಉರಿ ಹಾಕುವುದೋ, ರಾಗಿ ಬೀಸುವುದು ಎಷ್ಟು ಸೇರು, ಒರಳಿನಲ್ಲಿ ರುಬ್ಬುವ ಸರದಿ ಯಾರದು, ಊಟಕ್ಕೆ ಮೊದಲು ಕೂರುವವರು ಯಾರು, ಕೊನೆಗೆ ಕೂರುವವರು ಯಾರು, ಕೊನೆಯವರಿಗೆ ಸಾರಿನಲ್ಲಿ ಏನು ಉಳಿದಿರುತ್ತಿತ್ತು. ಲೆಕ್ಕ ಕೇಳಿ. "ತುಂಬಾ ಜನ ಇದ್ವಿ" ಎಂದಾಗ "ಒಂದು ಹೊತ್ತಿಗೆ ಎಷ್ಟು ರೊಟ್ಟಿ?" ಎಂದು ಕೇಳಿದರೆ ಆ ಮನೆಯ ಗಾತ್ರ ತಿಳಿಯುತ್ತದೆ.

ಪ್ರಶ್ನೆಗಳು ಹೇಗೆ ಒಂದರ ಬೆನ್ನಿಗೆ ಒಂದು ಹೋಗಬೇಕು ಎಂಬುದಕ್ಕೆ ಒಂದು ಮಾದರಿ:

"ನೀರು ಎಲ್ಲಿಂದ ತರ್ತಿದ್ದೆ ಅಜ್ಜಿ?"
"ಹಿತ್ತಲಲ್ಲಿ ಬಾವಿ ಇತ್ತು, ಆದ್ರೆ ನೀರು ಉಪ್ಪು. ಕುಡಿಯಕ್ಕೆ ಊರಾಚೆ ಬಾವಿಗೇ ಹೋಗ್ಬೇಕಿತ್ತು."
"ದಿನಕ್ಕೆ ಎಷ್ಟು ಕೊಡ?"
"ಬೆಳಿಗ್ಗೆ ಆರು, ಸಾಯಂಕಾಲ ನಾಲ್ಕು. ಹಬ್ಬ ಬಂದ್ರೆ ಲೆಕ್ಕ ಇಲ್ಲ."
"ಜೊತೆಗೆ ಯಾರು ಬರ್ತಿದ್ರು?"
"ನಾದಿನಿ. ಅವಳಿಗೂ ನನ್ನ ವಯಸ್ಸೇ. ಅತ್ತೆ ಮುಂದೆ ಇಬ್ರೂ ತುಟಿ ಬಿಚ್ತಿರ್ಲಿಲ್ಲ. ಬಾವಿ ದಾರೀಲಿ ಮಾತು ನಿಲ್ತಾನೇ ಇರ್ಲಿಲ್ಲ."

ಮೂರು ಪ್ರಶ್ನೆ, ಮೂರೂ ನೀರಿನ ಸುತ್ತ. ಸಿಕ್ಕಿದ್ದು ಹೊಸ ಮನೆಯಲ್ಲಿ ಅಜ್ಜಿಗೆ ಸಿಕ್ಕ ಮೊದಲ ಗೆಳತಿ. ಇಲ್ಲಿ ಆತುರಪಟ್ಟು "ಹಾಗಾದ್ರೆ ಅತ್ತೆ ಜೋರಾ?" ಎಂದು ಹಾರಬೇಡಿ. "ಬಾವಿ ದಾರೀಲಿ ಏನು ಮಾತಾಡ್ತಿದ್ರಿ?" ಎಂದು ಕೇಳಿ ಸುಮ್ಮನಿರಿ. ಉತ್ತರ ನಿಂತಂತೆ ಕಂಡರೂ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹಿರಿಯರ ನೆನಪು ತಡವಾಗಿ ಏಳುತ್ತದೆ. ಆರನೆಯದೋ ಏಳನೆಯದೋ ಎಣಿಕೆಯಲ್ಲಿ "ಇನ್ನೊಂದ್ ಸಲ ಏನಾಯ್ತು ಗೊತ್ತಾ..." ಎಂದು ಬರುವ ಮಾತೇ ಬೇಕಾದದ್ದು. ಕೇಳುವವರ ಅತಿ ಸಾಮಾನ್ಯ ತಪ್ಪು ಈ ಮೌನವನ್ನು ಮುಂದಿನ ಪ್ರಶ್ನೆಯಿಂದ ತುಂಬಿಬಿಡುವುದು.

"ನೆನಪಿದೆಯಾ?" ಎಂಬ ಪದವನ್ನೇ ಬಿಡಿ. ಅದು ಪರೀಕ್ಷೆಯಂತೆ ಕೇಳಿಸುತ್ತದೆ, ಉತ್ತರ ತೋಚದಿದ್ದರೆ ಅಜ್ಜಿ ಕುಗ್ಗುತ್ತಾರೆ. ಅದರ ಬದಲು ಕೈಗೆ ವಸ್ತು ಕೊಡಿ: ಊದುಗೊಳವೆ, ಬೀಸುವ ಕಲ್ಲಿನ ಗೂಟ, ಧಾರೆ ಸೀರೆ, ಕೆತ್ತಿದ ತಂಬಿಗೆ. ಬೀಸುವ ಪದ, ಸೋಬಾನೆ, ಹಸೆಯ ಹಾಡುಗಳಂತೂ "ಹೇಳು" ಎಂದರೆ ಎರಡು ಸಾಲಿಗೆ ನಿಲ್ಲುತ್ತವೆ. ಕೈ ಕೆಲಸದಲ್ಲಿದ್ದರೆ, ಅವರೆಕಾಳು ಬಿಡಿಸುತ್ತಲೋ ಹೂ ಕಟ್ಟುತ್ತಲೋ ಇದ್ದರೆ, ಮುಂದಿನ ಸಾಲು ತಾನಾಗಿ ಬಾಯಿಗೆ ಬರುತ್ತದೆ.

ಮೊದಲ ವರ್ಷದ ಹಬ್ಬಗಳು

ಹೊಸ ಸೊಸೆಯ ಮೊದಲ ವರ್ಷಕ್ಕೆ ನಮ್ಮ ಪಂಚಾಂಗವೇ ಪ್ರಶ್ನಾವಳಿ. ಹಳೆ ಮೈಸೂರು ಕಡೆಯ ಅಜ್ಜಿಯಾದರೆ ಆಷಾಢಕ್ಕೆ ತವರಿಗೆ ಕರೆದೊಯ್ಯಲು ಯಾರು ಬಂದರು, ಗಾಡಿಯೋ ಬಸ್ಸೋ, ಎಷ್ಟು ಹೊತ್ತಿನ ದಾರಿ ಎಂದು ಕೇಳಿ. ಶ್ರಾವಣದ ಮಂಗಳಗೌರಿ, ಭಾದ್ರಪದದ ಗೌರಿ ಹಬ್ಬಕ್ಕೆ ತವರಿನಿಂದ ಬಂದ ಬಾಗಿನ, ದೀಪಾವಳಿಗೆ ಅಳಿಯನಿಗೆ ಕೊಟ್ಟದ್ದು ಏನು. ಉತ್ತರ ಕರ್ನಾಟಕದವರಾದರೆ ನಾಗರ ಪಂಚಮಿಯಿಂದ ಹಿಡಿಯಿರಿ. ಅಣ್ಣ ಕರೆಯಲು ಬಂದನೋ ಇಲ್ಲವೋ, ಉಂಡಿ ಎಷ್ಟು ಬಗೆ, ಜೋಕಾಲಿ ಯಾವ ಮರಕ್ಕೆ. ಅಣ್ಣ ಬಾರದ ಪಂಚಮಿಯನ್ನು ಹೆಣ್ಣುಮಕ್ಕಳು ಮರೆಯುವುದಿಲ್ಲ. ಆಮೇಲೆ ಸೀಮಂತ, ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದದ್ದು, ಮಗುವಿನೊಂದಿಗೆ ತಿರುಗಿ ಬಂದದ್ದು.

ಮದುವೆಯ ದಿನವನ್ನು ಇಲ್ಲಿ ಬೇಕೆಂದೇ ಕೊನೆಗೆ ಬಿಟ್ಟಿದೆ. ಮದುವೆಯ ವಿವರ ಹತ್ತು ಜನರ ನೆನಪಿನಲ್ಲಿ ಇರುತ್ತದೆ, ಫೋಟೋದಲ್ಲೂ ಇರುತ್ತದೆ. ಅದರ ಮರುದಿನದಿಂದ ಶುರುವಾದದ್ದು ಅಜ್ಜಿಯೊಬ್ಬರಿಗೇ ಗೊತ್ತು.

ಇಸವಿ ಹಿಡಿಯುವುದು

"ಯಾವ ಇಸವಿ?" ಎಂದರೆ ಉತ್ತರ ಸಿಗುವುದು ಅಪರೂಪ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದ್ದರೆ ಅದು ಬಹುಮಟ್ಟಿಗೆ ಅಂದಾಜಿನ ಲೆಕ್ಕ. ಲಗ್ನಪತ್ರಿಕೆ ಸಿಕ್ಕಿದರೆ ಸಂವತ್ಸರ ನೋಡಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಲೆಕ್ಕ ಸುಲಭ: ಪ್ಲವ ಎಂದರೆ 1961–62, ಶುಭಕೃತು 1962–63, ಶೋಭಕೃತು 1963–64, ಕ್ರೋಧಿ 1964–65, ವಿಶ್ವಾವಸು 1965–66. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಎಂಬುದನ್ನು ಮರೆಯಬೇಡಿ. ಕ್ರೋಧಿ ಸಂವತ್ಸರದ ಮಾಘದ ಮದುವೆ 1965ಕ್ಕೆ ಬರುತ್ತದೆ, 1964ಕ್ಕಲ್ಲ.

ಪತ್ರಿಕೆ ಇಲ್ಲದಿದ್ದರೆ ಊರಿಗೆಲ್ಲ ಗೊತ್ತಿದ್ದ ಘಟನೆಗೆ ಕಟ್ಟಿ ಕೇಳಿ: "ನೆಹರು ತೀರಿಕೊಂಡಾಗ ನೀನು ತವರಲ್ಲಿದ್ದೆಯೋ ಇಲ್ಲಿದ್ದೆಯೋ?" ಅದು 1964ರ ಮೇ 27. ಶಾಸ್ತ್ರಿಯವರು ಸೋಮವಾರ ಒಂದು ಹೊತ್ತು ಊಟ ಬಿಡಲು ಕೇಳಿಕೊಂಡದ್ದು 1965ರಲ್ಲಿ. ಹೊಸ ಒಡವೆ 14 ಕ್ಯಾರೆಟ್ಟಿಗಿಂತ ಹೆಚ್ಚಿನದು ಮಾಡಿಸುವಂತಿಲ್ಲ ಎಂಬ ಕಟ್ಟಳೆ ಬಂದದ್ದು 1963ರ ಜನವರಿಯಲ್ಲಿ, ಮದುವೆಯ ಚಿನ್ನದ ಮಾತು ಬಂದಾಗ ಇದು ನೆರವಿಗೆ ಬರುತ್ತದೆ. ಶರಾವತಿ ಕಣಿವೆಯವರಿಗೆ 1964ರ ಲಿಂಗನಮಕ್ಕಿ ಮುಳುಗಡೆ, ಬಯಲುಸೀಮೆಯವರಿಗೆ 1972ರ ಬರ, ರಾಯಚೂರು–ಗದಗ–ಅಂಕೋಲೆಯ ಪಟ್ಟಿಯವರಿಗೆ ಹಗಲೇ ಕತ್ತಲಾದ 1980ರ ಫೆಬ್ರವರಿ 16ರ ಗ್ರಹಣ. ಮಂಗಳಗೌರಿ ವ್ರತವನ್ನು ಮದುವೆಯಾದ ಮೊದಲ ಐದು ವರ್ಷ ಮಾಡುವುದರಿಂದ "ಅದು ಎಷ್ಟನೇ ವರ್ಷದ ಮಂಗಳಗೌರಿ?" ಎಂಬುದೂ ಒಂದು ಗಟ್ಟಿ ಗೂಟ.

ಎರಡು ಕಡೆ ಲೆಕ್ಕ ತಪ್ಪುತ್ತದೆ. ಚಿಕ್ಕ ವಯಸ್ಸಿನ ಮದುವೆಗಳಲ್ಲಿ ಮದುವೆಯೇ ಬೇರೆ ವರ್ಷ, ಮೈನೆರೆದು ಪ್ರಸ್ತವಾಗಿ ಗಂಡನ ಮನೆಗೆ ಬಂದದ್ದೇ ಬೇರೆ ವರ್ಷ. ಎರಡನ್ನೂ ಬಿಡಿಬಿಡಿಯಾಗಿ ಕೇಳಿ. ವಯಸ್ಸು ಹೇಳಲು ಅಜ್ಜಿ ಹಿಂಜರಿದರೆ, 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ಹೆಣ್ಣಿಗೆ 15 ಎಂದಿತ್ತು, 18 ಆದದ್ದು 1978ರಲ್ಲಿ ಎಂದು ತಿಳಿಸಿ. ಎಷ್ಟೋ ಅಜ್ಜಿಯರು ಮೊಮ್ಮಕ್ಕಳೆದುರು ತಪ್ಪಿತಸ್ಥರಂತೆ ವಯಸ್ಸು ಏರಿಸಿ ಹೇಳುತ್ತಾರೆ. ಅವರದೇನೂ ತಪ್ಪಿರಲಿಲ್ಲ. ಎರಡನೆಯದು ದುಡ್ಡು. "ನಾಲ್ಕಾಣೆ ಕೊಟ್ರು" ಎಂದ ಮಾತ್ರಕ್ಕೆ ಅದು ಹೊಸ ಪೈಸೆ ಬಂದ 1957ರ ಏಪ್ರಿಲ್ 1ಕ್ಕಿಂತ ಹಿಂದಿನದೆಂದು ಬರೆಯಬೇಡಿ. 25 ಪೈಸೆಗೆ ನಾಲ್ಕಾಣೆ ಎನ್ನುವುದು ಆಮೇಲೂ ದಶಕಗಳ ಕಾಲ ನಡೆಯಿತು.

ಅಳತೆಗಳನ್ನು ಹೇಳಿದಂತೆಯೇ ಬರೆಯಿರಿ. ಸೇರು, ಕೊಳಗ, ಪಲ್ಲ ಊರಿಂದೂರಿಗೆ ಬೇರೆ, ಕಿಲೋಗೆ ತಿರುಗಿಸಲು ಹೋದರೆ ಸುಳ್ಳಾಗುತ್ತದೆ. ಚಿನ್ನದ ತೊಲ ಮಾತ್ರ ಹಳೆಯ ಲೆಕ್ಕದಲ್ಲಿ 11.66 ಗ್ರಾಂ, ಕರಾವಳಿಯ ಪವನು 8 ಗ್ರಾಂ.

ಹೆಸರು

ಹಳಬರು ಗಂಡನ ಹೆಸರು ಹೇಳುವುದಿಲ್ಲ. "ಅವರು", "ನಮ್ಮನೆಯವರು", "ನಿಮ್ಮ ತಾತ" ಎಂದೇ ಸಾಗುತ್ತದೆ. ಒತ್ತಾಯ ಬೇಡ. ಉತ್ತರ ಕರ್ನಾಟಕದ ಅಜ್ಜಿಯಾದರೆ "ಒಡಪು ಹಾಕಿ ಹೇಳು" ಎನ್ನಿ, ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳುವುದೇ ಒಡಪು. ಮದುವೆಯ ದಿನ ಕಟ್ಟಿದ ಒಡಪು ಅಷ್ಟೇ ಚುರುಕಾಗಿ ಹೊರಬರುತ್ತದೆ, ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುತ್ತಿದ್ದರು. "ತವರಲ್ಲಿ ನಿನ್ನನ್ನ ಏನಂತ ಕರೀತಿದ್ರು?" ಎಂದು ಕೇಳಿ, ಆ ಹೆಸರಿನಿಂದ ಕರೆದ ಕೊನೆಯವರು ಯಾರು ಎಂದೂ ಕೇಳಿ. ಹಳೆಯ ಶಾಲೆಯ ದಾಖಲೆಯಲ್ಲಿ ಹುಡುಕುವಾಗಲೂ ಬೇಕಾಗುವುದು ಆ ತವರಿನ ಹೆಸರೇ.

ನೋವಿನ ಮಾತು ಬಂದಾಗ

ಹಸಿವು, ಹೊಡೆತ, ಸತ್ತ ಕೂಸು, ಹೊರಗಿಟ್ಟ ದಿನಗಳು ಇಲ್ಲದ ಸೊಸೆತನ ಕಡಿಮೆ. ಇವನ್ನು ಹೆಕ್ಕಿ ತೆಗೆಯಲು ಹೋಗಬೇಡಿ, ಬಂದರೆ ಮುಚ್ಚಿಬಿಡಲೂ ಬೇಡಿ. "ಎಷ್ಟು ಮಕ್ಕಳು?" ಎಂದರೆ ಬದುಕಿರುವವರ ಲೆಕ್ಕ ಸಿಗುತ್ತದೆ. "ಎಷ್ಟು ಬಾಣಂತನ ಆಯ್ತು?" ಎಂದರೆ ಉಳಿದವರನ್ನೂ ಹೇಳುವುದೋ ಬಿಡುವುದೋ ಅವರ ಆಯ್ಕೆ. ಅತ್ತರೆ "ಅಳಬೇಡ ಬಿಡು, ಆಗಿದ್ದಾಯ್ತು" ಎನ್ನಬೇಡಿ. ನೀರು ಕೊಟ್ಟು, ಕೈ ಹಿಡಿದು ಕೂರಿ, ರೆಕಾರ್ಡ್ ನಿಲ್ಲಿಸಲೇ ಎಂದು ಕೇಳಿ. ಎಷ್ಟೋ ಸಲ "ಇರಲಿ, ಇಟ್ಕೋ" ಎನ್ನುತ್ತಾರೆ. ಅಂಥ ದಿನ ಎದ್ದು ಹೋಗುವ ಮುನ್ನ ಮಾತನ್ನು ಹಗುರವಾದದ್ದಕ್ಕೆ, ಅಡುಗೆಗೋ ಗಿಡಕ್ಕೋ, ತಿರುಗಿಸಿ ಮುಗಿಸಿ. ಸಂಜೆ ಇನ್ನೊಮ್ಮೆ ಹೋಗಿ ಪಕ್ಕದಲ್ಲಿ ಕೂರಿ, ಅವರು ಹೇಳಿದ್ದನ್ನೇ ಮೆಲುಕು ಹಾಕುತ್ತಿರುತ್ತಾರೆ.

ಗಂಡನ, ಅತ್ತೆಯ, ಓರಗಿತ್ತಿಯ ಬಗ್ಗೆ ಹೇಳಿದ್ದನ್ನು ಮನೆಯ ಗುಂಪಿಗೆ ಹಾಕಬೇಡಿ. ಅವರ ಮಕ್ಕಳು ಇದ್ದಾರೆ. ಯಾವ ಭಾಗ ಯಾರಿಗೆ ಎಂದು ಅಜ್ಜಿ ಹೇಳಿದ್ದನ್ನು ಆ ಫೈಲಿನ ಹೆಸರಿನಲ್ಲೇ ಗುರುತು ಮಾಡಿ.

ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಮಾತು ಬದಲಾಗುತ್ತದೆ. ಸೊಸೆ ಎದುರಿಗಿದ್ದರೆ ಅಜ್ಜಿ ತಮ್ಮ ಅತ್ತೆಯ ಕಥೆಯನ್ನು ಒಂದು ರೀತಿ ಹೇಳುತ್ತಾರೆ, ಮಗನಿದ್ದರೆ ತಾತನ ಕಥೆ ಇನ್ನೊಂದು ರೀತಿ. "ಹಂಗಲ್ಲಮ್ಮ ಅದು, ನಿನಗೆ ಮರ್ತಿದೆ" ಎಂದು ನಡುವೆ ತಿದ್ದುವ ದೊಡ್ಡಪ್ಪನೊಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರನ್ನು ಗೌರವದಿಂದಲೇ ಬೇರೆ ದಿನ ಬೇರೆಯಾಗಿ ಕೂರಿಸಿ ಕೇಳಿ. ಅಜ್ಜಿ ಅದೇ ಕಥೆಯನ್ನು ಮೂರನೇ ಸಲ ಹೇಳಿದರೂ "ಹೇಳಿದ್ದೀಯಲ್ಲ" ಎನ್ನಬೇಡಿ. ಪ್ರತಿ ಸಲವೂ ಒಂದು ಹೊಸ ಹೆಸರೋ ಹೊಸ ಮಾತೋ ಸೇರಿರುತ್ತದೆ.

ಬರಹಕ್ಕೆ ಇಳಿಸುವುದು

ಒಂದು ಗಂಟೆಯ ಮಾತನ್ನು ಕೇಳಿ ಟೈಪ್ ಮಾಡಲು ಐದಾರು ಗಂಟೆ ಹಿಡಿಯುತ್ತದೆ. ಮೊಬೈಲಿನ ಧ್ವನಿ ಟೈಪಿಂಗ್ ಪುಸ್ತಕದ ಕನ್ನಡಕ್ಕೆ ಪರವಾಗಿಲ್ಲ, ಅಜ್ಜಿಯರ ಆಡುಮಾತಿಗೆ ತಡವರಿಸುತ್ತದೆ. ಅದು ಬರೆದದ್ದನ್ನು ಸಾಲುಸಾಲಾಗಿ ಕಿವಿಗೊಟ್ಟು ತಿದ್ದಲೇಬೇಕು. ಎಲ್ಲವನ್ನೂ ಬರೆಯಲಾಗದಿದ್ದರೆ ಐದೈದು ನಿಮಿಷಕ್ಕೊಂದು ಸಾಲಿನ ಸೂಚಿಯಾದರೂ ಇರಲಿ: "12ನೇ ನಿಮಿಷ: ಉಪ್ಪು ಬಾವಿ, ನಾದಿನಿ."

ಭಾಷೆಯನ್ನು ತಿದ್ದಬೇಡಿ. "ನನಗ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ" ಎಂದದ್ದನ್ನು "ನನಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ" ಎಂದು ಬರೆದರೆ ಆ ಅಡುಗೆಮನೆಯಲ್ಲಿ ಕೇಳುತ್ತಿದ್ದ ಸದ್ದೇ ಹೋಗುತ್ತದೆ. ತವರಿನ ನುಡಿಗೂ ಗಂಡನ ಊರಿನ ನುಡಿಗೂ ವ್ಯತ್ಯಾಸವಿದ್ದರೆ ಅದನ್ನೂ ಕೇಳಿ. ಹೊಸ ಸೊಸೆಯ ಯಾವ ಮಾತಿಗೆ ಮನೆಯವರು ನಕ್ಕರು ಎಂಬುದು ಅಜ್ಜಿಗೆ ಇವತ್ತಿಗೂ ಗೊತ್ತಿರುತ್ತದೆ.

ಫೈಲಿಗೆ ತಾರೀಖು, ಹೆಸರು, ವಿಷಯ ಸೇರಿಸಿ ಹೆಸರಿಡಿ, ಇಸವಿ ಮೊದಲು ಬಂದರೆ ಸಾಲಾಗಿ ಕೂರುತ್ತವೆ. ಒಂದು ಗಂಟೆಯ ಒಳ್ಳೆಯ ಎಂ4ಎ ಫೈಲು ಸುಮಾರು 60 ಎಂಬಿ, ವೇವ್ ಆದರೆ 300 ಎಂಬಿ ದಾಟುತ್ತದೆ. ಮೊಬೈಲಿನಲ್ಲೊಂದು, ಹಾರ್ಡ್ ಡಿಸ್ಕಿನಲ್ಲೊಂದು, ಬೇರೆ ಊರಿನ ನಂಬಿಕಸ್ಥ ಬಂಧುವಿನ ಹತ್ತಿರ ಒಂದು, ಹೀಗೆ ಮೂರು ಪ್ರತಿ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಬರೆದಾದ ಮೇಲೆ ಅಜ್ಜಿಯ ಎದುರು ಕೂತು ನಿಧಾನವಾಗಿ ಓದಿ ಹೇಳಿ, ಆಗಲೂ ರೆಕಾರ್ಡರ್ ಆನ್ ಇರಲಿ. "ಆರು ಕೊಡ ಅಲ್ಲ, ಎಂಟು" ಎಂದರೆ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಎಂಟು ಎಂದು, ಆ ದಿನದ ತಾರೀಖಿನೊಂದಿಗೆ ಬರೆಯಿರಿ. ನಾದಿನಿಯ ಹೆಸರು ಬಂದ ಕಡೆ ಅವರು ತಡೆದರೆ ಓದುವುದನ್ನು ನಿಲ್ಲಿಸಿ, ಹಾಳೆ ಕೆಳಗಿಡಿ, ಹತ್ತರವರೆಗೆ ಎಣಿಸಿ.